ಕೋವಿಡ್ ಕಾಲದಲ್ಲಿ ಮಕ್ಕಳನ್ನು ನೋಡಿಕೊಂಡವರ ಬಗ್ಗೆ ಅಧ್ಯಯನ: ಯಾರನ್ನು ಕೇಳಬೇಕು, ಏನು ಕೇಳಬೇಕು?

ಪ್ರಶ್ನೆ: ನಾನು ಕಾಪು ಕಡೆಯವಳು. ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಎರಡನೇ ವರ್ಷ ಓದುತ್ತಿದ್ದೇನೆ. ಅಮ್ಮ ಅಂಗನವಾಡಿ ಸಹಾಯಕಿ. ಕೋವಿಡ್ ಸಮಯದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದವರಿಗೆ ಏನಾಯಿತು ಅನ್ನುವುದರ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಗೂಗಲ್ ಫಾರ್ಮ್ ಮಾಡಿ 100 ಜನರಿಗೆ ಕಳಿಸು, ಒತ್ತಡ ಅಳೆಯುವ ಒಂದು ಸ್ಕೇಲ್ ಸೇರಿಸು, ಸಾಕು ಅಂತ ಸೀನಿಯರ್‌ಗಳು ಹೇಳುತ್ತಾರೆ. ಇಷ್ಟು ವರ್ಷ ಆದಮೇಲೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತಾ? ಯಾರನ್ನು ಕೇಳಬೇಕು, ಏನು ಕೇಳಬೇಕು? ನಾಲ್ಕು ತಿಂಗಳಲ್ಲಿ ಮುಗಿಸಬಹುದಾ?

ಉತ್ತರ: ಮುಗಿಸಬಹುದು. ಆದರೆ ಗೂಗಲ್ ಫಾರ್ಮ್ ನಂಬಿಕೊಂಡರೆ ಆಗುವುದಿಲ್ಲ.

ಆ ಲಿಂಕ್ ಯಾರ ಕೈಗೆ ಸಿಗುತ್ತದೆ ಅಂತ ಸ್ವಲ್ಪ ಯೋಚಿಸಿ. ಇವತ್ತೂ ಕೆಲಸದಲ್ಲಿ ಇರುವವರಿಗೆ, ವಾಟ್ಸಾಪ್ ಗ್ರೂಪಿನಲ್ಲಿ ಇರುವವರಿಗೆ, ಫೋನಿನಲ್ಲಿ ಟೈಪ್ ಮಾಡಿ ಅಭ್ಯಾಸ ಆದವರಿಗೆ. ಅಂದರೆ ಹೆಚ್ಚುಕಡಿಮೆ ಅಂಗನವಾಡಿ ಟೀಚರ್‌ಗಳಿಗೆ ಮಾತ್ರ. ನಿಮ್ಮ ಅಮ್ಮನಂಥ ಸಹಾಯಕಿಯರಲ್ಲಿ ಎಷ್ಟು ಜನ ಅದನ್ನು ತೆರೆದು ಪೂರ್ತಿ ತುಂಬಿಸುತ್ತಾರೆ, ನೀವೇ ಹೇಳಿ. ಬಾಡಿಗೆ ಕಟ್ಟಲಾಗದೆ 2020ರಲ್ಲೇ ಪ್ಲೇ ಹೋಮ್ ಮುಚ್ಚಿದವರಿಗೆ, ಅಲ್ಲಿ ಆಯಾ ಆಗಿದ್ದು ಆಮೇಲೆ ಬೇರೆ ಕೆಲಸಕ್ಕೆ ಹೋದವರಿಗೆ ಅದು ತಲುಪುವುದೇ ಇಲ್ಲ. ಯಾರಿಗೆ ಪೆಟ್ಟು ಜಾಸ್ತಿ ಬಿತ್ತೋ ಅವರೇ ಲೆಕ್ಕದಿಂದ ಹೊರಗೆ. ಉಳಿದುಕೊಂಡವರನ್ನಷ್ಟೇ ಕೇಳಿ, ಪರಿಣಾಮ ಅಷ್ಟೇನೂ ಇರಲಿಲ್ಲ ಅಂತ ಬರೆದರೆ ಅದು ಆ ಹೆಂಗಸರಿಗೆ ಮಾಡುವ ಅನ್ಯಾಯ.

ಹಾಗಾಗಿ ಬೇರೆಲ್ಲಕ್ಕಿಂತ ಮೊದಲು ಈಗ ಯಾವ ಪಟ್ಟಿಯಲ್ಲೂ ಇಲ್ಲದವರನ್ನು ಹುಡುಕಿ. ಸ್ಕೇಲು, ಶೇಕಡಾವಾರು, ಟೇಬಲ್ಲು ಎಲ್ಲ ಆಮೇಲೆ.

ಇದು ನಾನು ಸುಮ್ನೆ ಹಿಡಿದ ಹಠ ಅಲ್ಲ. 2020ರ ಮೇ, ಜೂನ್ ಹೊತ್ತಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಸುಮಾರು 57,000 ಶಿಶುಪಾಲನೆ ಕೆಲಸಗಾರರನ್ನು ಕೇಳಿ ಒಂದು ಅಧ್ಯಯನ ಮಾಡಿದರು. ಕೇಂದ್ರ ತೆರೆದೇ ಇಟ್ಟಿದ್ದವರು, ಮುಚ್ಚಿದ್ದವರು ಇಬ್ಬರನ್ನೂ ಕೇಳಿದರು. ಊರಲ್ಲಿ ಎಷ್ಟು ಸೋಂಕು ಇತ್ತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದು ನೋಡಿದಾಗ, ಮಕ್ಕಳ ಜೊತೆ ಕೆಲಸ ಮಾಡಿದ್ದರಿಂದಲೇ ಕೋವಿಡ್ ಜಾಸ್ತಿ ತಗಲಿತು ಅಂತ ಕಾಣಲಿಲ್ಲ. ಮುಚ್ಚಿದವರನ್ನು ಬಿಟ್ಟಿದ್ದರೆ ಈ ಹೋಲಿಕೆಯೇ ಸಾಧ್ಯ ಇರಲಿಲ್ಲ. ಹಾಗಂತ ಆ ಫಲಿತಾಂಶವನ್ನು ಎತ್ತಿ ತಂದು ನಮ್ಮ ಬಂಟ್ವಾಳಕ್ಕೋ ಕುಂದಾಪುರಕ್ಕೋ ಅಂಟಿಸಬೇಡಿ. ಅದು ಡೆಲ್ಟಾ ಬರುವ ಮುಂಚಿನ ಮೊದಲ ತಿಂಗಳುಗಳ ಮಾತು. ಕಡಿಮೆ ಮಕ್ಕಳು, ಪದೇ ಪದೇ ಕೈ ತೊಳೆಯುವುದು, ಸ್ವಚ್ಛತೆ, ಇಷ್ಟೆಲ್ಲ ಎಚ್ಚರಿಕೆ ಇದ್ದ ಕೇಂದ್ರಗಳ ಮಾತು. ನೀವು ಅದರಿಂದ ತೆಗೆದುಕೊಳ್ಳಬೇಕಾದ್ದು ವಿಧಾನ ಮಾತ್ರ.

ಈಗ ಯಾರನ್ನು ಕೇಳಬೇಕು ಅನ್ನುವುದಕ್ಕೆ ಬರೋಣ. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಅಂಗನವಾಡಿ. ಸಹಜ. ಆದರೆ ದಕ್ಷಿಣ ಕನ್ನಡ, ಉಡುಪಿ ಅಂತ ನಮ್ಮ ಎರಡು ಜಿಲ್ಲೆಗಳಲ್ಲಿ ಈ ಕೆಲಸ ಮಾಡುವವರಲ್ಲಿ ಬೇರೆ ಬೇರೆ ಥರದವರಿದ್ದಾರೆ, ಕೋವಿಡ್ ಒಬ್ಬೊಬ್ಬರಿಗೆ ಒಂದೊಂದು ರೀತಿ ತಟ್ಟಿದೆ.

ಅಂಗನವಾಡಿಯವರಿಗೆ ಕೆಲಸ ಹೋಗಲಿಲ್ಲ, ಕೆಲಸ ಜಾಸ್ತಿ ಆಯಿತು. 2020ರ ಮಾರ್ಚ್ ಮಧ್ಯದಲ್ಲಿ ಕೇಂದ್ರ ಮುಚ್ಚಿದ್ದು ಮಕ್ಕಳಿಗೆ, ಟೀಚರ್‌ಗೆ ಮತ್ತು ಸಹಾಯಕಿಗೆ ಅಲ್ಲ. ಬಿಸಿಯೂಟದ ಬದಲು ದಿನಸಿಯನ್ನು ಮನೆಮನೆಗೆ ಮುಟ್ಟಿಸಬೇಕಿತ್ತು. ಆಶಾ ಕಾರ್ಯಕರ್ತೆಯರ ಜೊತೆ ಸರ್ವೆಗೆ ಹೋಗಬೇಕಿತ್ತು. ಕೈಗೆ ಕ್ವಾರಂಟೈನ್ ಸೀಲ್ ಹಾಕಿಸಿಕೊಂಡು ಬಂದವರು ಮನೆಯಲ್ಲೇ ಇದ್ದಾರಾ ಅಂತ ನೋಡಬೇಕಿತ್ತು. ಮೇ, ಜೂನ್‌ನಲ್ಲಿ ಮುಂಬಯಿಯಿಂದ ಜನ ಊರಿಗೆ ಬಂದು ಉಡುಪಿಯ ಕೇಸುಗಳು ಒಂದೇ ಸಲ ಏರಿದಾಗ ಈ ಕೆಲಸ ಎಷ್ಟಿತ್ತು ಅನ್ನುವುದು ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಂಟೈನ್‌ಮೆಂಟ್ ವಲಯದ ಹೊರಗಿನ ಅಂಗನವಾಡಿಗಳನ್ನು ತೆರೆಯಿರಿ ಅಂತ ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಅಷ್ಟರಲ್ಲಿ ಎರಡನೇ ಅಲೆ ಬಂತು. ನಮ್ಮ ರಾಜ್ಯದಲ್ಲಿ ಮಕ್ಕಳು ಮತ್ತೆ ಅಂಗನವಾಡಿಗೆ ಬಂದಿದ್ದು ಆ ವರ್ಷ ನವೆಂಬರ್ 8ರಿಂದ. ಹತ್ತಿರ ಹತ್ತಿರ 20 ತಿಂಗಳು.

ಇವರು ಸಂಬಳದವರಲ್ಲ, ಗೌರವಧನದವರು ಅನ್ನುವುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗಿನಿಂದ ಹೀಗೆಯೇ ನಡೆದು ಬಂದಿದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೆಚ್ಚಿಸಿದ ಮೇಲೆ ಕೇಂದ್ರದ ಲೆಕ್ಕದಲ್ಲಿ ಟೀಚರ್‌ಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನ ಪಾಲು ಹಾಕುತ್ತದೆ. ಕೋವಿಡ್ ಬಂದಾಗ ಇದೇ ಲೆಕ್ಕ ಇತ್ತು. ಈ ಲೆಕ್ಕದಲ್ಲಿ ಸಹಾಯಕಿಗೆ ಸರಿಯಾಗಿ ಅರ್ಧ, ಗಮನಿಸಿ. ಮಳೆಯಲ್ಲಿ ಅಕ್ಕಿ ಹೊತ್ತುಕೊಂಡು ಹೋಗುವಾಗ ಅರ್ಧ ಕೆಲಸ ಅಂತ ಯಾರೂ ಹೇಳಲಿಲ್ಲ. ನಿಮ್ಮ ಪ್ರಾಜೆಕ್ಟಿನಲ್ಲಿ ಸಹಾಯಕಿಯರನ್ನು ಟೀಚರ್‌ಗಳ ಜೊತೆ ಒಂದೇ ಗುಂಪಿಗೆ ಸೇರಿಸಬಾರದು ಅಂತ ನಾನು ಹೇಳುವುದು ಇದಕ್ಕೇ.

ಪ್ಲೇ ಹೋಮ್, ಡೇ ಕೇರ್‌ಗಳದ್ದು ಪೂರ್ತಿ ಉಲ್ಟಾ ಕಥೆ. ಕೆಲಸವೂ ಹೋಯಿತು, ಫೀಸೂ ನಿಂತಿತು. ಆದರೆ ಬಾಡಿಗೆ ನಿಲ್ಲಲಿಲ್ಲ. ದೊಡ್ಡ ಶಾಲೆಗಳು ಆನ್‌ಲೈನ್ ಕ್ಲಾಸ್ ಅಂತ ಸ್ವಲ್ಪವಾದರೂ ಫೀಸು ತೆಗೆದುಕೊಂಡವು. ಎರಡೂವರೆ ವರ್ಷದ ಮಗುವಿಗೆ ಫೋನಿನಲ್ಲಿ ಏನು ಕಲಿಸುತ್ತೀರಿ, ಅದಕ್ಕೆ ಯಾವ ತಂದೆತಾಯಿ ದುಡ್ಡು ಕೊಡುತ್ತಾರೆ? ಮಂಗಳೂರಿನ ಬಿಜೈ ಕಡೆ ಮನೆಯ ಕೆಳಗಿನ ಮಾಳಿಗೆಯಲ್ಲಿ ಪ್ಲೇ ಹೋಮ್ ನಡೆಸುತ್ತಿದ್ದ ಒಬ್ಬರು ನನ್ನ ಜೊತೆ ಮಾತಾಡಿದ್ದರು. ಮೊದಲು ಜಾರುಬಂಡೆ ಮಾರಿದರಂತೆ, ಆಮೇಲೆ ಪುಟ್ಟ ಕುರ್ಚಿಗಳು, ಕೊನೆಗೆ ವ್ಯಾನ್. ಅವರಲ್ಲಿದ್ದ ಆಯಾ ಈಗ ಗೇರುಬೀಜದ ಫ್ಯಾಕ್ಟರಿಯಲ್ಲಿದ್ದಾರೆ, ಮಕ್ಕಳ ಕೆಲಸಕ್ಕೆ ವಾಪಸ್ ಬರುವ ಮನಸ್ಸಿಲ್ಲ, ಫ್ಯಾಕ್ಟರಿಯಲ್ಲಿ ಪಿಎಫ್ ಇದೆಯಲ್ಲ ಅಂದರು. ಆ ಆಯಾ ನಿಮ್ಮ ಅಧ್ಯಯನಕ್ಕೆ ಬೇಕು. ಒಂದು ಕ್ಷೇತ್ರದಿಂದ ಅನುಭವ ಇರುವ ಕೈಗಳು ಹೇಗೆ ಕಳಚಿಕೊಂಡವು ಅನ್ನುವುದು ಅವರನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಅಮೆರಿಕದಲ್ಲಿ 2021ರ ಮಾರ್ಚ್‌ನ ಪರಿಹಾರ ಕಾಯಿದೆಯಲ್ಲಿ ಶಿಶುಪಾಲನಾ ಕೇಂದ್ರಗಳು ಮುಚ್ಚಿಹೋಗದ ಹಾಗೆ ನಿಲ್ಲಿಸುವುದಕ್ಕೆಂದೇ 24 ಶತಕೋಟಿ ಡಾಲರ್ ಇಟ್ಟರು. ಇಲ್ಲಿ 2021ರ ಜೂನ್‌ನಲ್ಲಿ ರಾಜ್ಯದ ಎರಡನೇ ಪ್ಯಾಕೇಜಿನಲ್ಲಿ ಅಂಗನವಾಡಿ ಟೀಚರ್, ಸಹಾಯಕಿಯರಿಗೆ ತಲಾ 2,000 ರೂಪಾಯಿ, ಆಶಾಗಳಿಗೆ 3,000, ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 5,000 ಅಂತ ಘೋಷಣೆ ಆಯಿತು. ಪ್ಲೇ ಹೋಮಿನ ಮಿಸ್ ಈ ಕೊನೆಯ ಸಾಲಿಗೆ ಸೇರಿದರಾ ಇಲ್ಲವಾ? ಆಯಾ? ಇದನ್ನು ನೀವೇ ಕೇಳಿ ತಿಳಿದುಕೊಳ್ಳಿ. ಒಳ್ಳೆಯ ಪ್ರಶ್ನೆ ಅದು. ದುಡ್ಡು ಬಂತಾ, ಬಂದಿದ್ದರೆ ಯಾವ ತಿಂಗಳು, ಅರ್ಜಿ ಹಾಕಲು ಯಾರ ಕೈಕಾಲು ಹಿಡಿಯಬೇಕಾಯಿತು.

ಇನ್ನೂ ಒಂದು ಗುಂಪಿದೆ, ಯಾರ ಸರ್ವೆಯಲ್ಲೂ ಬರುವುದಿಲ್ಲ. ಬಾಣಂತಿ ಮನೆಗೆ ಬಂದು ತಾಯಿಗೂ ಮಗುವಿಗೂ ಎಣ್ಣೆ ಹಚ್ಚಿ ಮೀಯಿಸುವ ಹೆಂಗಸರು. ನಮ್ಮ ಕಡೆ ಮನೆಮನೆಗೂ ಇವರು ಬೇಕು. 40 ದಿನ, ಕೆಲವು ಕಡೆ 60 ದಿನ. 2020ರ ಮಾರ್ಚ್ ಕೊನೆಯಲ್ಲಿ ಬಸ್ಸು ನಿಂತಿತು. ನಮ್ಮಲ್ಲಿ ಓಡಾಟ ಎಲ್ಲ ಪ್ರೈವೇಟ್ ಬಸ್ಸಿನಲ್ಲೇ ಅಲ್ವಾ. ಕೇರಳದ ಜೊತೆಗಿನ ತಲಪಾಡಿ ಗಡಿ ಮುಚ್ಚಿದ ಮೇಲೆ ಮಂಜೇಶ್ವರ ಕಡೆಯಿಂದ ಬರುತ್ತಿದ್ದವರು ಅಲ್ಲಿಯೇ ಉಳಿದರು. ಬಸ್ಸು ಶುರುವಾದ ಮೇಲೂ ಹತ್ತು ಮನೆ ಸುತ್ತುವವರು ನಮ್ಮ ಮನೆಗೆ ಬೇಡ ಅಂದವರು ಎಷ್ಟೋ ಜನ. ಅದೇ ರೀತಿ ಅಪಾರ್ಟ್‌ಮೆಂಟುಗಳಲ್ಲಿ ಮಗು ನೋಡಿಕೊಳ್ಳಲು ಬರುತ್ತಿದ್ದವರಿಗೆ ಗೇಟಿನ ಒಳಗೆ ಬಿಡಲಿಲ್ಲ. ಇವರಿಗೆ ಗೌರವಧನವೂ ಇಲ್ಲ, ರಸೀದಿಯೂ ಇಲ್ಲ, ಸಂಘವೂ ಇಲ್ಲ. ನಾಲ್ಕು ತಿಂಗಳ ಪ್ರಾಜೆಕ್ಟಿನಲ್ಲಿ ಇವರಲ್ಲಿ ಐದಾರು ಜನರ ಜೊತೆ ಕೂತು ಮಾತಾಡಿದರೂ ಅದು ಹೊಸ ಕೆಲಸವೇ.

ಕಂಪನಿ, ಆಸ್ಪತ್ರೆಗಳ ಕ್ರೆಶ್‌ಗಳನ್ನು ಈ ಸಲ ಬಿಡಿ. 50 ಅಥವಾ ಹೆಚ್ಚು ಕೆಲಸಗಾರರು ಇರುವಲ್ಲಿ ಕ್ರೆಶ್ ಇರಬೇಕು ಅಂತ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿ ಹೇಳಿತು, ಆದರೆ ಒಳಗೆ ಹೋಗಿ ಮಾತಾಡಲು ಅನುಮತಿ ಸಿಗುವಷ್ಟರಲ್ಲಿ ನಿಮ್ಮ ಸೆಮಿಸ್ಟರ್ ಮುಗಿದಿರುತ್ತದೆ. ಪಂಚಾಯತಿಗಳ ಶಿಶುಪಾಲನಾ ಕೇಂದ್ರ, ಅಂದರೆ ಕೂಸಿನ ಮನೆ, ಕೋವಿಡ್ ಆದಮೇಲೆ ಬಂದಿದ್ದು, ನಿಮ್ಮ ವಿಷಯಕ್ಕೆ ಬರುವುದಿಲ್ಲ.

ಮುಚ್ಚಿದ ಪ್ಲೇ ಹೋಮ್‌ಗಳನ್ನು ಹುಡುಕುವುದು ಹೇಗೆ ಅಂತ ಕೇಳುತ್ತೀರಿ. ಅಷ್ಟೇನೂ ಕಷ್ಟ ಇಲ್ಲ. ಒಂದೆರಡು ವಾರ್ಡ್ ಆರಿಸಿಕೊಂಡು ನಡೆದುಕೊಂಡು ಹೋಗಿ. ಅಂಗಡಿಯವರನ್ನು, ರಿಕ್ಷಾ ಸ್ಟ್ಯಾಂಡಿನವರನ್ನು ಕೇಳಿ: ಇಲ್ಲಿ ಮೊದಲು ಪ್ಲೇ ಹೋಮ್ ಇತ್ತಾ? ಮಕ್ಕಳನ್ನು ದಿನಾ ಬಿಟ್ಟು ಬರುತ್ತಿದ್ದ ರಿಕ್ಷಾದವರಿಗೆ ನೆನಪಿರುತ್ತದೆ. ಗೂಗಲ್ ಮ್ಯಾಪಿನಲ್ಲಿ ಶಾಶ್ವತವಾಗಿ ಮುಚ್ಚಲಾಗಿದೆ ಅಂತ ತೋರಿಸುವ ಜಾಗಗಳನ್ನೂ ಬರೆದುಕೊಳ್ಳಿ, ಗೂಗಲ್ಲನ್ನು ಇಷ್ಟಕ್ಕೆ ಬಳಸಿ. ಒಬ್ಬರು ಸಿಕ್ಕಿದರೆ ಅವರ ಹತ್ತಿರ ಇನ್ನಿಬ್ಬರ ನಂಬರ್ ಇರುತ್ತದೆ. ಹೀಗೆ ಒಬ್ಬರಿಂದ ಒಬ್ಬರಿಗೆ ಹೋದಾಗ ಒಂದೇ ಥರದ ಜನ ಸಿಗುವ ಅಪಾಯ ಇದೆ, ಹಾಗಾಗಿ ಮೂರು ಬೇರೆ ಬೇರೆ ಕಡೆಯಿಂದ ಶುರು ಮಾಡಿ. ಸುರತ್ಕಲ್ ಕಡೆ ಒಂದು, ನಗರದ ಒಳಗೆ ಒಂದು, ಮಣಿಪಾಲ ಅಥವಾ ಉಡುಪಿಯಲ್ಲಿ ಒಂದು, ಹಾಗೆ.

100 ಜನ ಆಗಲೇಬೇಕು ಅಂತೇನಿಲ್ಲ. ನಿಮ್ಮ ಸಮಯಕ್ಕೆ 40 ಜನ ಸಾಕು, ಅದರಲ್ಲಿ ಟೀಚರ್ 12, ಸಹಾಯಕಿಯರು 12, ಪ್ಲೇ ಹೋಮ್ ನಡೆಸಿದವರು ಎಂಟು ಮತ್ತು ಅವರಲ್ಲಿ ಅರ್ಧದಷ್ಟಾದರೂ ಮುಚ್ಚಿದವರು, ಉಳಿದ ಎಂಟು ಆಯಾಗಳು ಮತ್ತು ಮೀಯಿಸುವವರು. ಟೀಚರ್ ಮತ್ತು ಸಹಾಯಕಿಯನ್ನು ಒಂದೇ ಅಂಗನವಾಡಿಯಿಂದ ತೆಗೆದುಕೊಳ್ಳಬೇಡಿ. ಅವಳು ನನ್ನ ಬಗ್ಗೆ ಏನು ಹೇಳಿದಳೋ ಅನ್ನುವ ಅನುಮಾನ ಇಬ್ಬರ ನಡುವೆ ನೀವು ಬಿಟ್ಟುಬಂದ ಹಾಗಾಗುತ್ತದೆ, ನಾಳೆ ಮತ್ತೆ ಒಟ್ಟಿಗೆ ಕೆಲಸ ಮಾಡಬೇಕಾದವರು ಅವರು. ನಿವೃತ್ತರಾದವರನ್ನು ಖಂಡಿತ ಸೇರಿಸಿ. ಅವರು ಯಾರಿಗೂ ಹೆದರದೆ ಮಾತಾಡುತ್ತಾರೆ. ಅಂಗನವಾಡಿಯವರಿಗೂ ಗ್ರಾಚ್ಯುಯಿಟಿ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತಲ್ಲ, ಆ ದಾರಿಯಲ್ಲಿ ಅವರಿಗೆ ಏನು ಸಿಕ್ಕಿತು ಅನ್ನುವುದೂ ತಿಳಿಯುತ್ತದೆ.

ಇಷ್ಟು ವರ್ಷ ಆದಮೇಲೆ ನೆನಪಿರುತ್ತಾ ಅಂತ ಕೇಳಿದ್ದೀರಿ. 2020ರ ಆಗಸ್ಟ್‌ನಲ್ಲಿ ನಿಮ್ಮ ಆದಾಯ ಎಷ್ಟಿತ್ತು ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಬಾಯಿಗೆ ಬಂದದ್ದು ಹೇಳುತ್ತಾರೆ. ಅದು ಅವರ ತಪ್ಪಲ್ಲ, ಪ್ರಶ್ನೆಯ ತಪ್ಪು. ಮನುಷ್ಯರು ತಿಂಗಳ ಹೆಸರಿನಲ್ಲಿ ನೆನಪಿಟ್ಟುಕೊಳ್ಳುವುದಿಲ್ಲ, ನಡೆದ ಸಂಗತಿಗಳ ಜೊತೆ ಗಂಟು ಹಾಕಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಮಾತಿಗೆ ಕೂರುವ ಮೊದಲೇ ನಮ್ಮ ಊರಿನದೇ ಒಂದು ಕ್ಯಾಲೆಂಡರ್ ಮಾಡಿಕೊಳ್ಳಿ. 2020ರ ಜನವರಿಯಲ್ಲಿ ಉಡುಪಿ ಕೃಷ್ಣಮಠದ ಪೂಜೆ ಅದಮಾರು ಮಠಕ್ಕೆ ಬಂದ ಪರ್ಯಾಯ ಉತ್ಸವ, ಅದು ಕೋವಿಡ್‌ಗೆ ಮುಂಚೆ. ಮಾರ್ಚ್ 22 ಜನತಾ ಕರ್ಫ್ಯೂ, ಭಾನುವಾರ. ಆಮೇಲೆ ಪತ್ತನಾಜೆ (ಮೇ ಕೊನೆಯ ವಾರ) ತನಕ ನಡೆಯಬೇಕಿದ್ದ ಯಕ್ಷಗಾನ ಮೇಳಗಳ ತಿರುಗಾಟ ಮಧ್ಯದಲ್ಲೇ ನಿಂತದ್ದು. ಜೂನ್ ಕೊನೆಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಸೆಪ್ಟೆಂಬರ್ 20ರ ಹೊತ್ತಿಗೆ ಉಡುಪಿಯಲ್ಲಿ ದೊಡ್ಡ ನೆರೆ. 2021ರ ಏಪ್ರಿಲ್ ಕೊನೆಗೆ ಮತ್ತೆ ಬಂದ್, ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ. 2022ರ ಜನವರಿಯಲ್ಲಿ ಕೃಷ್ಣಾಪುರ ಪರ್ಯಾಯ. ನೆರೆ ಬಂತಲ್ಲ, ಆಗ ನೀವು ರೇಷನ್ ಹಂಚುತ್ತಿದ್ರಾ, ಕೇಂದ್ರದ ಅಕ್ಕಿಗೆ ಏನಾಯ್ತು ಅಂತ ಕೇಳಿ ನೋಡಿ. ಬೇಳೆ ಒದ್ದೆ ಆಗಿದ್ದು, ಅದನ್ನು ಯಾರ ಮನೆ ಜಗಲಿಯಲ್ಲಿ ಒಣಗಿಸಿದ್ದು, ಕಡಿಮೆ ಬಿದ್ದದ್ದನ್ನು ಯಾರು ತುಂಬಿಕೊಟ್ಟದ್ದು, ಎಲ್ಲ ಹೇಳುತ್ತಾರೆ. ಮನೆಯದೇ ಆದ ಗುರುತುಗಳನ್ನೂ ಸೇರಿಸಿ. ಮಗಳ ಮದುವೆ, ಅತ್ತೆ ತೀರಿಕೊಂಡದ್ದು, ಗಂಡ ಗಲ್ಫಿನಿಂದ ವಾಪಸ್ ಬಂದದ್ದು.

ನೆನಪಿನ ಜೊತೆಗೆ ಕಾಗದ ನೋಡಿ. ಇದು ತುಂಬ ಜನ ಮಾಡುವುದೇ ಇಲ್ಲ, ನನಗೆ ಬೇಸರ ಆಗುವ ವಿಷಯ ಇದು. ಗೌರವಧನ ಯಾವ ತಿಂಗಳು ತಡವಾಗಿ ಬಂತು ಅನ್ನುವುದು ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುತ್ತದೆ. ಅವರೇ ತೆರೆದು ತೋರಿಸಿದರೆ ದಿನಾಂಕ ಮಾತ್ರ ಬರೆದುಕೊಳ್ಳಿ, ಖಾತೆ ನಂಬರು, ಬಾಕಿ ಹಣ ಬೇಡ, ಫೋಟೋ ಬೇಡವೇ ಬೇಡ. ಪ್ಲೇ ಹೋಮಿನವರ ಹತ್ತಿರ ಫೀಸಿನ ರಸೀದಿ ಪುಸ್ತಕ ಇರುತ್ತದೆ, ಬಾಡಿಗೆ ಕರಾರು ಇರುತ್ತದೆ. ಬೇರೆ ಮೀಟರ್ ಇದ್ದರೆ ಮೆಸ್ಕಾಂ ಕರೆಂಟ್ ಬಿಲ್ ಇರುತ್ತದೆ. ಯಾವ ತಿಂಗಳಿಂದ ಯೂನಿಟ್ ಪೂರ್ತಿ ಇಳಿಯಿತು ಅಂತ ನೋಡಿದರೆ ಕೇಂದ್ರ ಯಾವಾಗ ನಿಂತಿತು, ಮಧ್ಯೆ ಒಂದೆರಡು ತಿಂಗಳು ತೆರೆದು ನೋಡಿದರಾ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಉಡುಪಿ ಹತ್ತಿರದ ಒಬ್ಬ ಸಹಾಯಕಿ ನನಗೆ ಒಂದು ನೋಟ್‌ಬುಕ್ ತೋರಿಸಿದ್ದರು. ಇಲಾಖೆಯ ರಿಜಿಸ್ಟರ್ ಅಲ್ಲ, ಅವರೇ ಅಂಗಡಿಯಿಂದ ತಂದದ್ದು. ಮುಂದಿನ ಪುಟಗಳಲ್ಲಿ ಮಕ್ಕಳ ಹೆಸರು, ಎದುರಿಗೆ ಅಕ್ಕಿ, ಹೆಸರುಕಾಳು, ಬೆಲ್ಲ, ಮೊಟ್ಟೆ ಅಂತ ಗೀಟು ಎಳೆದು ಟಿಕ್ ಹಾಕಿದ್ದಾರೆ. ಕೆಲವು ಕಡೆ ನೀರು ಬಿದ್ದು ಶಾಯಿ ಹರಡಿದೆ. ನೋಟ್‌ಬುಕ್ಕಿನ ಹಿಂದಿನಿಂದ ತಿರುಗಿಸಿದರೆ ಇನ್ನೊಂದು ಲೆಕ್ಕ: ರಿಕ್ಷಾ, ಪ್ಲಾಸ್ಟಿಕ್ ತೊಟ್ಟೆ, ಒಡೆದ ಮೊಟ್ಟೆ, ಫೋನ್ ರೀಚಾರ್ಜ್, ಮಾಸ್ಕ್. ಎಲ್ಲ ಕೈಯಿಂದ ಹಾಕಿದ್ದು. ಕೆಲವದರ ಎದುರು ಬಂತು ಅಂತ ಬರೆದಿದೆ, ಜಾಸ್ತಿ ಸಾಲುಗಳ ಎದುರು ಏನೂ ಇಲ್ಲ. ಟೀಚರಿಗೆ ಮಂಡಿ ನೋವು, ಹಾಗಾಗಿ ಗುಡ್ಡೆ ಮೇಲಿನ ಮನೆಗಳಿಗೆಲ್ಲ ನಾನೇ ಹೋಗುತ್ತಿದ್ದೆ ಅಂದರು. ಒಂದು ವರ್ಷದ ಕೈಖರ್ಚು ಕೂಡಿಸಿ ಗೌರವಧನದಿಂದ ಕಳೆದರೆ ಆ ಹೆಂಗಸಿಗೆ ನಿಜವಾಗಿ ಉಳಿದದ್ದು ಎಷ್ಟು ಅನ್ನುವ ಲೆಕ್ಕ ಸಿಗುತ್ತದೆ. ಯಾವ ಒತ್ತಡದ ಸ್ಕೇಲೂ ಅದನ್ನು ಕೊಡುವುದಿಲ್ಲ. ಇಂಥ ನೋಟ್‌ಬುಕ್ ತುಂಬ ಜನರ ಹತ್ತಿರ ಇದೆ. ಬರೆದಿಟ್ಟದ್ದು ಏನಾದರೂ ಉಂಟಾ ಅಂತ ಕೇಳಬೇಕು ಅಷ್ಟೆ.

ಹಾಗಾದರೆ ಸ್ಕೇಲ್ ಬೇಡವೇ ಬೇಡವಾ? ಖಿನ್ನತೆಯ ಲಕ್ಷಣ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಹಾಕಬೇಕು ಅಂತ ನಿಮ್ಮ ಸೀನಿಯರ್‌ಗಳು ಹೇಳಿರಬಹುದು. ಅದರ ಮೊದಲ ಸಾಲು ಓದಿ ನೋಡಿ. ಕಳೆದ ಎರಡು ವಾರಗಳಲ್ಲಿ ಹೇಗಿತ್ತು ಅಂತ ಅದು ಕೇಳುತ್ತದೆ. ಇವತ್ತು ಕೇಳಿದರೆ ಇವತ್ತಿನ ಎರಡು ವಾರದ ಮಾತು ಸಿಗುತ್ತದೆ, 2020ರದ್ದಲ್ಲ. ಆಗ ಹೇಗಿತ್ತು ಅಂತ ತಿರುಚಿ ಕೇಳಿದರೆ ಆ ಸ್ಕೇಲಿಗೆ ಅರ್ಥ ಉಳಿಯುವುದಿಲ್ಲ. 27ರಲ್ಲಿ 10 ಅಥವಾ ಹೆಚ್ಚು ಬಂದರೆ ಹೆಚ್ಚಿನ ತಪಾಸಣೆ ಬೇಕು ಅಂತ ಹೇಳುತ್ತಾರೆ, ಖಿನ್ನತೆ ಇದೆ ಅಂತ ತೀರ್ಮಾನ ಮಾಡುವುದಕ್ಕಲ್ಲ. ಅದರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಹೌದು ಅಂತ ಒಬ್ಬರು ಹೇಳಿದರೆ ನೀವು ಏನು ಮಾಡುತ್ತೀರಿ? ಫಾರ್ಮಿನಲ್ಲಿ ಹೆಸರಿಲ್ಲದೆ ತುಂಬಿಸಿದ್ದರೆ ಅವರು ಯಾರು ಅಂತಲೂ ಗೊತ್ತಾಗುವುದಿಲ್ಲ. ಅದಕ್ಕೆ ಸಿದ್ಧತೆ ಇಲ್ಲದೆ ಆ ಪ್ರಶ್ನೆ ಕೇಳಲೇಬಾರದು. ನೀವು ಯಾವ ಸ್ಕೇಲ್ ಹಾಕದಿದ್ದರೂ ಮಾತಿನ ಮಧ್ಯೆ ಯಾರಾದರೂ ಅಳಬಹುದು, ಮನೆಯವರನ್ನು ಕಳೆದುಕೊಂಡವರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದ ಚೀಟಿ ಕೈಯಲ್ಲಿರಲಿ, ಕಾಲೇಜಿನ ಒಬ್ಬ ಕೌನ್ಸೆಲರ್‌ಗೆ ಮೊದಲೇ ಹೇಳಿಡಿ. ಮಾತು ನಿಲ್ಲಿಸಿ ನೀರು ಕೊಟ್ಟು ಸುಮ್ಮನೆ ಕೂರಿ. ಆ ದಿನದ ಸಂದರ್ಶನ ಅಲ್ಲಿಗೇ ಬಿಟ್ಟರೂ ಪರವಾಗಿಲ್ಲ.

ಅದರ ಬದಲು ಕೆಲಸದ ಬಗ್ಗೆ ಕೇಳಿ. ದಿನ ಎಷ್ಟು ಹೊತ್ತಿಗೆ ಶುರುವಾಗುತ್ತಿತ್ತು, ಎಷ್ಟು ಮನೆ, ನಡೆದುಕೊಂಡಾ ರಿಕ್ಷಾದಲ್ಲಾ. ಮಾಸ್ಕ್, ಸ್ಯಾನಿಟೈಸರ್ ಯಾರು ಕೊಟ್ಟರು, ಎಷ್ಟು ಸಲ. ಸರ್ವೆಗೆ ಹೋದಾಗ ಯಾರಾದರೂ ಬೈದರಾ, ಬಾಗಿಲು ಹಾಕಿದರಾ, ನಿಮ್ಮ ಮನೆಗೇ ಜನ ಬರುವುದು ಬಿಟ್ಟರಾ. ಕೋವಿಡ್ ಬಂದಾಗ ರಜೆ ಸಿಕ್ಕಿತಾ, ಆ ದಿನಗಳ ದುಡ್ಡು ಸಿಕ್ಕಿತಾ. ಸಾಲ ಮಾಡಿದಿರಾ, ಯಾರ ಹತ್ತಿರ, ಚಿನ್ನ ಅಡವಿಟ್ಟಿರಾ, ಬಿಡಿಸಿಕೊಂಡಿರಾ. ಬೀಡಿ ಕಟ್ಟುತ್ತಿದ್ದರೆ ಅದು ನಡೆಯಿತಾ ನಿಂತಿತಾ, ಯಾಕೆಂದರೆ ನಮ್ಮ ಕಡೆ ಎಷ್ಟೋ ಸಹಾಯಕಿಯರ ಮನೆ ನಡೆಯುವುದು ಎರಡೂ ಸೇರಿಸಿ. ಮತ್ತೆ ಒಂದು ಪ್ರಶ್ನೆ ದಯವಿಟ್ಟು ಬಿಡಬೇಡಿ: ನೀವು ಊರಿನ ಮಕ್ಕಳ ಮನೆಗೆ ಹೋಗುತ್ತಿದ್ದಾಗ ನಿಮ್ಮ ಮಕ್ಕಳನ್ನು ಯಾರು ನೋಡಿಕೊಂಡರು? ಆಗ ಶಾಲೆಯೂ ಇಲ್ಲ, ಅಂಗನವಾಡಿಯೂ ಇಲ್ಲ. ಇದಕ್ಕೆ ಬರುವ ಉತ್ತರಗಳು ನಿಮ್ಮ ವರದಿಯ ಅತಿ ಮುಖ್ಯ ಭಾಗ ಆಗುತ್ತವೆ ಅಂತ ನನಗೆ ಅನಿಸುತ್ತದೆ.

ಎಲ್ಲವನ್ನೂ ಕೋವಿಡ್ ಲೆಕ್ಕಕ್ಕೆ ಹಾಕದಂತೆಯೂ ನೋಡಿಕೊಳ್ಳಿ. ಅಂಗನವಾಡಿಯ ಲೆಕ್ಕವನ್ನು ಫೋನಿನಲ್ಲಿ ತುಂಬಿಸುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಿದ್ದು 2021ರ ಮಾರ್ಚ್‌ನಲ್ಲಿ, ಸರಿಯಾಗಿ ಎರಡನೇ ಅಲೆಯ ಮುಂಚೆ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ ಕಷ್ಟವನ್ನೂ ಅವರು ಕೋವಿಡ್ ಟೈಮಲ್ಲಿ ಅಂತಲೇ ಹೇಳುತ್ತಾರೆ. ಅಂಗನವಾಡಿಗೆ ಬರುವ ಮಕ್ಕಳು ಕಡಿಮೆ ಆದರು ಅನ್ನುತ್ತಾರೆ, ನಿಜ, ಆದರೆ ನಮ್ಮ ಕರಾವಳಿಯಲ್ಲಿ ಹುಟ್ಟುವ ಮಕ್ಕಳೇ ಕಡಿಮೆ, ಎಲ್‌ಕೆಜಿಯ ಸೆಳೆತ ಮೊದಲಿನಿಂದಲೂ ಇದೆ. 2018, 2019ರ ಹಾಜರಿ ಪುಸ್ತಕ ನೋಡಿ. ಆಗಲೇ ಇಳಿಯುತ್ತಿದ್ದರೆ ಕೋವಿಡ್ ಅದನ್ನು ಜೋರು ಮಾಡಿತು ಅಂತ ಬರೆಯಬಹುದೇ ಹೊರತು ಕೋವಿಡ್‌ನಿಂದಲೇ ಅಂತ ಬರೆಯುವ ಹಾಗಿಲ್ಲ.

ಅನುಮತಿ ವಿಷಯದಲ್ಲಿ ಒಂದು ಎಚ್ಚರಿಕೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೆ ಪತ್ರ ಕೊಡಿ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ತಿಳಿಸಿ. ಅದು ಬೇಕೇ ಬೇಕು. ಆದರೆ ನಿಮ್ಮ ಪರವಾಗಿ ಸೂಪರ್‌ವೈಸರ್ ಗ್ರೂಪಿನಲ್ಲಿ ಮೆಸೇಜ್ ಹಾಕುವುದು ಬೇಡ. ಮೇಲಿನವರು ಹೇಳಿದ ಮೇಲೆ ಒಲ್ಲೆ ಅನ್ನುವುದಕ್ಕೆ ಯಾರಿಗೂ ಧೈರ್ಯ ಬರುವುದಿಲ್ಲ, ಬಂದವರೂ ಎಲ್ಲ ಚೆನ್ನಾಗಿತ್ತು ಅಂತ ಹೇಳಿ ಹೋಗುತ್ತಾರೆ. ಮಾತು ಅಂಗನವಾಡಿಯಲ್ಲಿ ಬೇಡ, ಅವರ ಮನೆಯಲ್ಲಿ ಅಥವಾ ಅವರು ಹೇಳಿದ ಜಾಗದಲ್ಲಿ, ಮಕ್ಕಳು ಹೋದ ಮೇಲೆ. ದಿನಗೂಲಿಯವರಾದರೆ ಅವರ ಹೊತ್ತಿಗೆ ಏನಾದರೂ ಕೊಡಿ, ಬಸ್ ಚಾರ್ಜಾದರೂ. ವರದಿಯಲ್ಲಿ ಊರಿನ ಹೆಸರು ಹಾಕಬೇಡಿ. ಎಷ್ಟೋ ಊರಿಗೆ ಇರುವುದೇ ಒಂದು ಅಂಗನವಾಡಿ, ಹೆಸರು ಬಿಟ್ಟು ಊರು ಬರೆದರೆ ಹೆಸರು ಬರೆದ ಹಾಗೆಯೇ. ತಾಲೂಕು ಸಾಕು.

ನಿಮ್ಮ ಅಮ್ಮನ ಸರ್ಕಲ್ಲಿನಲ್ಲಿ, ಅಂದರೆ ಒಬ್ಬ ಸೂಪರ್‌ವೈಸರ್ ಕೆಳಗಿನ ಅಂಗನವಾಡಿಗಳಲ್ಲಿ, ಯಾರನ್ನೂ ಸಂದರ್ಶನ ಮಾಡಬೇಡಿ. ಅಲ್ಲಿಯವರಿಗೆ ನೀವು ಸಂಶೋಧಕಿ ಅಲ್ಲ, ಇಂಥವರ ಮಗಳು. ಅಮ್ಮನನ್ನೂ ಲೆಕ್ಕದಲ್ಲಿ ಸೇರಿಸಬೇಡಿ. ಆದರೆ ಪ್ರಶ್ನಾವಳಿ ಮಾಡಿದ ತಕ್ಷಣ ಮೊದಲು ಅವರಿಗೆ ಓದಿ ಹೇಳಿ, ಯಾವ ಪ್ರಶ್ನೆಗೆ ಮುಖ ಗಂಟಿಕ್ಕುತ್ತಾರೆ, ಯಾವುದಕ್ಕೆ ಇದೆಂಥದ್ದು ಅಂತ ವಾಪಸ್ ಕೇಳುತ್ತಾರೆ ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ನಿಮಗೆ ಸಿಗುವುದಿಲ್ಲ. ಬರೆಯುವುದು ಕನ್ನಡದಲ್ಲಿ ಇರಲಿ, ಮಾತು ಮಾತ್ರ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ, ಅವರಿಗೆ ಸಲೀಸಾದ ಭಾಷೆಯಲ್ಲಿ. ಬ್ಯಾರಿ ಬರದಿದ್ದರೆ ಬರುವ ಸಹಪಾಠಿಯನ್ನು ಕರೆದುಕೊಂಡು ಹೋಗಿ, ಆ ಮನೆಯ ಗಂಡಸರನ್ನು ಅನುವಾದಕ್ಕೆ ಕೂರಿಸಬೇಡಿ.

ಲೆಕ್ಕ ಹಾಕುವಾಗ 12 ಜನರಲ್ಲಿ ಎಂಟು ಜನ ಅಂತಲೇ ಬರೆಯಿರಿ. 66.67 ಶೇಕಡಾ ಅಂತ ಬರೆದರೆ ಇಲ್ಲದ ನಿಖರತೆ ತೋರಿಸಿದ ಹಾಗೆ. ನಾಲ್ಕೂ ಗುಂಪುಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ಕೆಲಸ ಹೋದವರದ್ದನ್ನೂ ಕೆಲಸ ಎರಡು ಪಟ್ಟಾದವರದ್ದನ್ನೂ ಕೂಡಿಸಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಕಾಣುತ್ತದೆ.

ನಾಲ್ಕು ತಿಂಗಳು ಹೇಗೆ ಅಂದರೆ, ಮೊದಲ ತಿಂಗಳು ಕಾಲೇಜಿನ ಎಥಿಕ್ಸ್ ಸಮಿತಿ, ಇಲಾಖೆಯ ಪತ್ರ, ಪ್ರಶ್ನಾವಳಿ. ಸಮಿತಿ ಒಪ್ಪುವ ತನಕ ಒಬ್ಬರನ್ನೂ ಕೇಳುವ ಹಾಗಿಲ್ಲ, ಹಾಗಾಗಿ ಅದನ್ನು ಈ ವಾರವೇ ಕೊಡಿ. ಆ ಹೊತ್ತಿನಲ್ಲಿ ವಾರ್ಡ್ ಸುತ್ತಿ ಮುಚ್ಚಿದ ಪ್ಲೇ ಹೋಮ್‌ಗಳ ಪಟ್ಟಿ ಮಾಡಬಹುದು. ಎರಡು, ಮೂರನೇ ತಿಂಗಳು ಮಾತು, ವಾರಕ್ಕೆ ಐದು ಜನರಂತೆ. ಅದೇ ದಿನ ರಾತ್ರಿ ಬರೆದುಬಿಡಿ, ನಾಳೆಗೆ ಇಟ್ಟರೆ ಅರ್ಧ ಹೋಗುತ್ತದೆ. ನಾಲ್ಕನೇ ತಿಂಗಳು ಬರವಣಿಗೆ, ಮತ್ತೆ ಎರಡು ಪುಟದ ಕನ್ನಡ ಸಾರಾಂಶ ಮಾಡಿ ಮಾತಾಡಿದ ಪ್ರತಿಯೊಬ್ಬರಿಗೂ ಕೊಟ್ಟು ಬನ್ನಿ, ಕಚೇರಿಗೂ ಒಂದು ಪ್ರತಿ.

ಪ್ರಶ್ನಾವಳಿಯ ಕರಡು ಆದಮೇಲೆ ಕಳಿಸಿ, ಓದಿ ಹೇಳುತ್ತೇನೆ. ಸಹಾಯಕಿಯರ ಪ್ರಶ್ನೆಗಳು ಬೇರೆ ಹಾಳೆಯಲ್ಲಿರಲಿ, ಕೈಯಿಂದ ಹಾಕಿದ ಖರ್ಚಿಗೆ ಅದರಲ್ಲಿ ಅರ್ಧ ಪುಟವಾದರೂ ಜಾಗ ಬಿಡಿ.